ಬೇಸಗೆಯ ರಂಗಭೋಗ

ವೈಶಾಖದ ಒಂದು ಮಧ್ಯಾಹ್ನ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಆ ಹೊತ್ತಿಗೆ ಮನುಷ್ಯರ ಮಾತಿಗಿಂತ ಜೀರುಂಡೆಯ ಸದ್ದೇ ಹೆಚ್ಚು. ರಜೆಗೆಂದು ಬೆಂಗಳೂರಿನಿಂದ ಸೊರಬದ ಕಡೆಯ ಅಜ್ಜಿಯ ಮನೆಗೆ ಬಂದಿದ್ದ ಹುಡುಗಿಯೊಬ್ಬಳು, ಅವಳ ತಂದೆ, ಆ ಅಜ್ಜಿ, ಮೂವರೂ ಬಾಡಿಗೆಯ ಕಾರಿನಿಂದಿಳಿದು ಹಳೆಯ ಗುಡಿಗಳ ನಡುವೆ ನಿಧಾನವಾಗಿ ನಡೆಯುತ್ತಿದ್ದರು. ಶಾಂತಿನಾಥ ಬಸದಿಯನ್ನು ನೋಡಿದ್ದಾಯಿತು. ತ್ರಿಮೂರ್ತಿ ದೇಗುಲವನ್ನು ಸುತ್ತಿದ್ದಾಯಿತು. ಸೋಮೇಶ್ವರನ ಗುಡಿಯ ಬಾಗಿಲಿನ ಎರಡೂ ಪಕ್ಕದಲ್ಲಿ ರಾಮಾಯಣ ಮಹಾಭಾರತಗಳನ್ನು ಕೆತ್ತಿದ ಕಲ್ಲಿನ ಜಾಲಂಧ್ರಗಳ ಮುಂದೆ ತಂದೆ ಬಹಳ ಹೊತ್ತು ನಿಂತರು. ಅಜ್ಜಿಗೆ ಕಾಲು ಸೋತಿತ್ತು. ಅವರು ಒಳಗಿನ ಮಂಟಪದಲ್ಲಿ, ತಣ್ಣಗಿದ್ದ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, “ಒಂದು ಹಾಡು ಹೇಳೇ ಕೂಸೆ” ಎಂದರು.

ಹುಡುಗಿ ನಾಚಿಕೊಂಡಳು. ಸಂಗೀತಪಾಠ ಆರಂಭವಾಗಿ ಎರಡು ವರ್ಷವಾಗಿತ್ತಷ್ಟೆ. ಸರಳೆ, ಜಂಟಿ, ಅಲಂಕಾರಗಳು ಮುಗಿದು ಗೀತೆಗಳಿಗೆ ಬಂದಿದ್ದಳು. ತಂದೆಯ ಮೊಬೈಲಿನಲ್ಲಿ ಶ್ರುತಿ ಇಟ್ಟುಕೊಂಡು, ಮಲಹರಿ ರಾಗದ ಒಂದು ಪಿಳ್ಳಾರಿ ಗೀತೆಯನ್ನು ಅಂಜುತ್ತಂಜುತ್ತಲೇ ಎತ್ತಿಕೊಂಡಳು. ಮೊದಲ ಸಾಲು ಮುಗಿಯುವುದರೊಳಗೆ ಅವಳ ಮುಖ ಬದಲಾಯಿತು. ಮನೆಯ ಕೋಣೆಯಲ್ಲಿ ಸಣ್ಣದಾಗಿ ಕೇಳುತ್ತಿದ್ದ ಅವಳ ದನಿಯನ್ನು ಇಲ್ಲಿ ಕಲ್ಲು ಎತ್ತಿ ಹಿಡಿದುಕೊಂಡಿತ್ತು. ಷಡ್ಜದಲ್ಲಿ ನಿಂತರೆ ಇನ್ನಾರೋ ಜೊತೆಗೆ ನಿಂತಂತೆ ಕೇಳುತ್ತಿತ್ತು. ಅವಳು ಗೀತೆಯನ್ನು ಮತ್ತೊಮ್ಮೆ, ಈ ಬಾರಿ ಕೇಳುವವರಿಗಾಗಿ ಅಲ್ಲ, ಆ ಅನುರಣನವನ್ನು ತಾನೇ ಕೇಳುವುದಕ್ಕಾಗಿ ಹಾಡಿದಳು.

ಹೊರಗೆ ಮರದ ನೆರಳಿನಲ್ಲಿ ಕುಳಿತಿದ್ದ ಕಾವಲಿನವನು ಬಾಗಿಲ ಬಳಿ ಬಂದು ನಿಂತಿದ್ದನು. “ಇಲ್ಲಿ ಯಾರೂ ಹಾಡುವುದಿಲ್ಲವೇನಪ್ಪ?” ಎಂದು ಅಜ್ಜಿ ಕೇಳಿದರು.

“ಇಲ್ಲ ಅಮ್ಮ. ಬರ್ತಾರೆ, ನೋಡ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ” ಎಂದನು ಅವನು.

ಈ ಉತ್ತರದಲ್ಲಿ ದೂರೇನೂ ಇರಲಿಲ್ಲ. ಆದರೂ ಅದು ಯೋಚನೆಗೆ ಹಚ್ಚುವ ಮಾತು. ಹಾಡು ಕುಣಿತಗಳಿಗೆಂದೇ ಕಟ್ಟಿದ ಕಟ್ಟಡವನ್ನು ಜನ ನೋಡಿಕೊಂಡು ಹೋಗುತ್ತಾರೆ, ಕೇಳಿಕೊಂಡು ಹೋಗುವವರಿಲ್ಲ. ಗರ್ಭಗುಡಿಯ ಮುಂದಿನ ಈ ಮಂಟಪಕ್ಕೆ ರಂಗಮಂಟಪವೆಂಬ ಹೆಸರು ಬಂದುದು ಅಲಂಕಾರಕ್ಕಲ್ಲ. ಈ ಸೀಮೆಯ ಹಳೆಯ ದಾನಶಾಸನಗಳನ್ನು ತೆರೆದರೆ ಅಂಗಭೋಗ, ರಂಗಭೋಗ ಎಂಬ ಎರಡು ಮಾತುಗಳು ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ. ದೇವರ ಮೈಗೆ ಸಲ್ಲುವ ಅಭಿಷೇಕ, ಗಂಧ, ವಸ್ತ್ರ, ನೈವೇದ್ಯಗಳು ಅಂಗಭೋಗ. ದೇವರ ಮುಂದೆ ನಡೆಯುವ ಗೀತ, ವಾದ್ಯ, ನೃತ್ಯಗಳು ರಂಗಭೋಗ. ಎರಡಕ್ಕೂ ಅರಸನು, ಅಧಿಕಾರಿಯು, ವ್ಯಾಪಾರಿಯು ಗದ್ದೆ ತೋಟಗಳನ್ನು ಬಿಟ್ಟು ಕಲ್ಲಿನಲ್ಲಿ ಬರೆಸುತ್ತಿದ್ದರು. ಎಂದರೆ, ಹಾಡುವವನ ಹೊಟ್ಟೆಗೆ ಭತ್ತ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಆ ಕಾಲದವರು ಉತ್ತರ ಕೊಟ್ಟ ತರುವಾಯವೇ ಸಂಗೀತವನ್ನು ಹೊಗಳುತ್ತಿದ್ದರು. ಈಗಿನ ಅನೇಕ ಸಂಗೀತಾಭಿಮಾನಿಗಳು ಈ ಕ್ರಮವನ್ನು ತಲೆಕೆಳಗು ಮಾಡಿರುವುದುಂಟು.

ಬಂದಳಿಕೆ ಅಂದಿನ ಬಂದಣಿಕೆ. ಬನವಾಸಿ ನಾಡಿನೊಳಗಣ ನಾಗರಖಂಡ ಎಪ್ಪತ್ತಕ್ಕೆ ಇದೇ ಮುಖ್ಯ ಪಟ್ಟಣ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡನ ಮರಣಾನಂತರ ಈ ಎಪ್ಪತ್ತು ಊರುಗಳ ಆಡಳಿತವನ್ನು ಜಕ್ಕಿಯಬ್ಬೆ ಎಂಬ ಮಹಿಳೆ ವಹಿಸಿಕೊಂಡು ನಡೆಸಿದಳೆಂಬುದನ್ನೂ, ಕೊನೆಗೆ ಬಂದಣಿಕೆಯ ಬಸದಿಯಲ್ಲಿ ಉಪವಾಸವ್ರತದಿಂದ ದೇಹ ಬಿಟ್ಟಳೆಂಬುದನ್ನೂ ಇಲ್ಲಿಯ ಶಾಸನವೇ ತಿಳಿಸುತ್ತದೆ. ಅದಾದ ಸ್ವಲ್ಪ ಕಾಲಕ್ಕೆ, ೯೪೧ರಲ್ಲಿ, ಪಂಪನು ದೂರದ ವೇಮುಲವಾಡದ ಅರಸನ ಆಶ್ರಯದಲ್ಲಿ ಕುಳಿತು ಭಾರತವನ್ನು ಬರೆದನು. ಬರೆಯುತ್ತ ಬನವಾಸಿಯನ್ನು ನೆನೆದ ಆ ಪದ್ಯಗಳನ್ನು ಕನ್ನಡಿಗರು ಶಾಲೆಯಲ್ಲಿಯೇ ಬಾಯಿಪಾಠ ಮಾಡಿರುತ್ತಾರೆ. ತೆಂಕಣ ಗಾಳಿಯನ್ನೂ ಮಲ್ಲಿಗೆಯನ್ನೂ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅಲ್ಲಿ ಸಂಗೀತದ ಗೋಷ್ಠಿಯೂ ಒಂದು ಸುಖವಾಗಿ ಎಣಿಕೆಗೆ ಬಂದಿದೆ, ಕಿವಿಗೆ ಬಿದ್ದ ಒಂದು ಇಂಪಾದ ಹಾಡೂ ಅವನಿಗೆ ಆ ನಾಡನ್ನು ನೆನಪಿಗೆ ತರುತ್ತದೆ. ಸಾವಿರ ವರ್ಷಗಳ ಹಿಂದೆ ಈ ಕಾಡುಬೆಟ್ಟಗಳ ನಾಡು ಹೊರಗಿದ್ದವನಿಗೆ ನೆನಪಾಗುತ್ತಿದ್ದುದು ಸಂಗೀತದಿಂದ ಎಂಬುದು ಅಲಕ್ಷಿಸುವ ಸಂಗತಿಯಲ್ಲ.

ಅದೇ ತಾಲ್ಲೂಕಿನ ಬಳ್ಳಿಗಾವಿಗೆ ಬಂದರೆ ಮದ್ದಳೆಯ ಸದ್ದು ಕೇಳುತ್ತದೆ. ಅಲ್ಲಮಪ್ರಭು ಬಳ್ಳಿಗಾವಿಯವನು, ಮದ್ದಳೆ ಬಾರಿಸುವುದರಲ್ಲಿ ನಿಪುಣ ಎಂದು ಹರಿಹರನ ರಗಳೆ ಹೇಳುತ್ತದೆ. ಚಾಮರಸನ ಕಾವ್ಯದಲ್ಲಿ ಅವನು ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆಗಾರ. ಕವಿಗಳಿಬ್ಬರೂ ಕಥೆಯನ್ನು ಬೇರೆ ಬೇರೆಯಾಗಿ ನಡೆಸಿದರೂ ಮದ್ದಳೆಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಶೂನ್ಯದ ಮಾತನಾಡಿದ ಮಹಾಜ್ಞಾನಿಯ ಕೈಗೆ ಮೊದಲು ತಾಳವನ್ನು ಕೊಟ್ಟ ನಾಡು ಇದು.

ಬಳ್ಳಿಗಾವಿಯ ಕೇದಾರೇಶ್ವರ ದೇಗುಲಕ್ಕೆ ಸೇರಿದ್ದ ಕೋಡಿಯ ಮಠವಂತೂ ಒಂದು ವಿಶ್ವವಿದ್ಯಾಲಯವೇ ಆಗಿತ್ತು. ಕಳಚುರಿ ಬಿಜ್ಜಳನ ಕಾಲದ, ೧೧೬೨ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ವೇದಗಳೂ ವ್ಯಾಕರಣಗಳೂ ದರ್ಶನಗಳೂ ಅಲ್ಲಿ ಪಾಠವಾಗುತ್ತಿದ್ದವು. ರೋಗಿಗಳಿಗೆ ಔಷಧೋಪಚಾರವಿತ್ತು. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕಿವುಡರಿಗೆ, ಹೆಳವರಿಗೆ ದಿನವೂ ಅನ್ನವಿತ್ತು. ಆ ಪಟ್ಟಿ ಅಲ್ಲಿಗೇ ನಿಲ್ಲದೆ, ಅದೇ ಉಸಿರಿನಲ್ಲಿ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು ಎಂದು ಮುಂದುವರಿಯುತ್ತದೆ. ಕಲಾವಿದರನ್ನು ಅನಾಥರ ಸಾಲಿನಲ್ಲಿ ಕೂರಿಸಿದರಲ್ಲ ಎಂದು ಇಂದಿನ ಕೆಲವರು ಮುಖ ಸಣ್ಣದು ಮಾಡಬಹುದು. ಹಾಗೆ ತಿಳಿಯಬೇಕಾಗಿಲ್ಲ. ಸನ್ಯಾಸಿಗಳೂ ಪರಮಹಂಸರೂ ಅದೇ ಪಂಕ್ತಿಯಲ್ಲಿದ್ದಾರೆ. ಊರಿಂದೂರಿಗೆ ಅಲೆಯುವವನು ಯಾರೇ ಆಗಲಿ, ಈ ಊರಿಗೆ ಬಂದ ದಿನ ಉಪವಾಸ ಬೀಳಬಾರದು ಎಂಬುದಷ್ಟೇ ಅದರ ಅಭಿಪ್ರಾಯ. ಕೊಳಲಿನವನಿಗೆ ಬಳ್ಳಿಗಾವಿಯ ದಾರಿ ಗೊತ್ತಿರುವುದಕ್ಕೆ ಈ ಅನ್ನವೂ ಒಂದು ಕಾರಣವಾಗಿದ್ದಿರಬೇಕು.

ಇನ್ನೊಂದು ಕುತೂಹಲದ ಸಂಗತಿ. ಹದಿಮೂರನೆಯ ಶತಮಾನದ ಆರಂಭದಲ್ಲಿ ಈ ಸೀಮೆ ದೇವಗಿರಿಯ ಸೇವುಣ ಸಿಂಘಣನ ಆಳ್ವಿಕೆಗೆ ಬಂದಿತು. ಅವನ ಕಾಲದ ಶಾಸನ ಬಳ್ಳಿಗಾವಿಯಲ್ಲಿದೆ. ಆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವನೇ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವ. ಹಿಂದೂಸ್ತಾನಿ, ಕರ್ನಾಟಕ ಎಂದು ಬೇರೆಯಾಗಿ ಗುರುತಿಸುವ ಎರಡು ಪದ್ಧತಿಗಳವರೂ ತಲೆಬಾಗುವ ಶಾಸ್ತ್ರಗ್ರಂಥ ಅದು. ರಾಜ್ಯದ ಕಂದಾಯವನ್ನು ಎಣಿಸಿದವನೇ ಶ್ರುತಿಗಳನ್ನೂ ಎಣಿಸಿದನು.

ಆ ಬಳಿಕ ಪಟ್ಟಣಗಳು ಹಳ್ಳಿಗಳಾದವು. ರಾಜಧಾನಿಗಳು ಬೇರೆಡೆಗೆ ಸರಿದವು. ಕೆಳದಿಯ ಬಸವರಾಜನು ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಸಂಗೀತ, ವೀಣೆ, ನೃತ್ಯಗಳಿಗೂ ಸ್ಥಳ ಕೊಟ್ಟಿರುವುದನ್ನು ನೋಡಿದರೆ ಮಲೆನಾಡಿನ ಅರಮನೆಗಳಲ್ಲಿ ಅಷ್ಟರವರೆಗೂ ರಂಗ ಬರಿದಾಗಿರಲಿಲ್ಲವೆಂದು ಹೇಳಬಹುದು. ತರುವಾಯ ಸಂಗೀತಗಾರನ ಕಣ್ಣು ಮೈಸೂರಿನ ಕಡೆಗೆ ತಿರುಗಿತು. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು ಅರಮನೆಯ ಸಭೆಯನ್ನು ಬೆಳಗಿದರು. ಘಟ್ಟದ ಕೆಳಗಿನ ನಂದಳಿಕೆಯಲ್ಲಿ ಹುಟ್ಟಿದ ಬಿಡಾರಂ ಕೃಷ್ಣಪ್ಪನವರೂ ಮೈಸೂರಿಗೇ ಬಂದರು. ನಂದಳಿಕೆಗೂ ಬಂದಳಿಕೆಗೂ ಒಂದಕ್ಷರದ ಅಂತರ, ಸಂಬಂಧವೇನೂ ಇಲ್ಲ. ಆದರೂ ಈ ಕೃಷ್ಣಪ್ಪನವರು ಮಾಡಿದ ಕೆಲಸ ನೆನಪಿಗೆ ಬರದಿರದು. ತಮ್ಮ ಹಾಡಿನ ಸಂಪಾದನೆಯಿಂದ ಅವರು ಮೈಸೂರಿನಲ್ಲಿ ರಾಮಮಂದಿರವನ್ನು ಕಟ್ಟಿದರು. ಅರಸರ ಕಾಲ ಮುಗಿಯುತ್ತ ಬಂದಾಗ ಗಾಯಕನೇ ರಂಗಮಂಟಪವನ್ನು ಕಟ್ಟಿಕೊಳ್ಳಬೇಕಾಯಿತು.

ಮದರಾಸಿನವರಿಗೆ ಸಂಗೀತದ ಋತು ಎಂದರೆ ಮಾರ್ಗಶಿರದ ಚಳಿ. ಕನ್ನಡ ನಾಡಿನಲ್ಲಿ ಹಾಗಲ್ಲ, ಇಲ್ಲಿ ಚೈತ್ರ ವೈಶಾಖಗಳ ಬಿಸಿಲೇ ಸಂಗೀತದ ಕಾಲ. ರಾಮನವಮಿಯ ನೆಪದಲ್ಲಿ ಚಪ್ಪರ ಹಾಕಿ, ಪಾನಕ ಕೋಸಂಬರಿ ಹಂಚಿ, ವಾರಗಟ್ಟಲೆ ಕಚೇರಿ ನಡೆಸುವ ಪದ್ಧತಿ ಮೈಸೂರು ಬೆಂಗಳೂರುಗಳ ಮಧ್ಯಮ ವರ್ಗದವರು ತಾವೇ ಬೆಳೆಸಿದ ಸಂಪ್ರದಾಯ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ೧೯೩೯ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ಉತ್ಸವಕ್ಕೆ ದಕ್ಷಿಣದ, ಉತ್ತರದ ಹೆಸರಾಂತ ವಿದ್ವಾಂಸರೆಲ್ಲ ಬಂದು ಹಾಡಿದ್ದಾರೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಟಿಕೆಟಿನ ಕುರ್ಚಿಯವರಷ್ಟೇ ಹೊರಗೆ ರಸ್ತೆಯ ಬದಿಯಲ್ಲಿ ನಿಂತು ಕೇಳಿದವರೂ ಆ ಉತ್ಸವವನ್ನು ತಮ್ಮದೆಂದುಕೊಂಡರು. ಹೀಗೆ ಬೇಸಗೆಯ ಸಂಗೀತೋತ್ಸವವೆಂಬುದು ಕನ್ನಡಿಗರಿಗೆ ಹೊಸದಲ್ಲ. ಅದು ಪೇಟೆಯಲ್ಲಿದೆ, ಬೆಟ್ಟದ ಮೇಲಿಲ್ಲ, ಅಷ್ಟೇ. ಬೇಸಗೆ ಬಂದೊಡನೆ ಪೇಟೆಯ ಮಕ್ಕಳು ಬೆಟ್ಟದ ಸೀಮೆಯ ಅಜ್ಜಿಯ ಮನೆಗೆ ಹೊರಡುತ್ತಾರೆ. ಸಂಗೀತ ಮಾತ್ರ ಅವರನ್ನು ಬೀಳ್ಕೊಟ್ಟು ಪೇಟೆಯಲ್ಲೇ ಉಳಿದುಬಿಡುತ್ತದೆ.

ಹಾಗೆಂದು ಮಲೆನಾಡಿಗೆ ಸಂಗೀತದ ಕಿವಿಯಿಲ್ಲವೆಂದು ಯಾರೂ ಹೇಳಲಾರರು. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯಲ್ಲಿ ಕುಮಾರವ್ಯಾಸನನ್ನು ರಾಗವಾಗಿ ಓದುವ ಗಮಕವಿದ್ಯೆ ಮನೆಮಾತಾಗಿದೆ. ಆ ಊರಿನ ಎಚ್.ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಿತು. ಕಾವ್ಯ ಓದುವವನಿಗೆ ದೇಶದ ಗೌರವ ಸಂದಿತೆಂದು ಆಗ ಎಷ್ಟೋ ಹಳ್ಳಿಗಳು ಸಂತೋಷಪಟ್ಟವು. ಅವರು ಆ ವರ್ಷದ ಕೊನೆಯಲ್ಲಿ ತೀರಿಕೊಂಡರು. ಸೊರಬ ಸಾಗರದ ಕಡೆ ಯಕ್ಷಗಾನದ ಭಾಗವತರ ಪದವನ್ನು ಬೆಳಗಿನವರೆಗೆ ಕೇಳಬಲ್ಲ ಜನರಿದ್ದಾರೆ. ಇನ್ನು ಪುರಂದರದಾಸರ ಮಾತು. ಅವರ ಜನ್ಮಸ್ಥಳ ಪುಣೆಯ ಸಮೀಪದ ಪುರಂದರಗಡವೆಂಬುದು ಹಳೆಯ ನಂಬಿಕೆ. ಆದರೆ ಅವರು ತೀರ್ಥಹಳ್ಳಿಯ ಹತ್ತಿರದ ಆರಗದ ಸೀಮೆಯವರೆಂದು ವಾದಿಸುವ ವಿದ್ವಾಂಸರಿದ್ದಾರೆ. ಸರ್ಕಾರದ ಪರವಾಗಿ ಇದನ್ನು ಪರಿಶೀಲಿಸಿದ ತಜ್ಞರ ಸಮಿತಿಯೂ ೨೦೧೮ರ ಸುಮಾರಿಗೆ ಮಲೆನಾಡಿನ ಪಕ್ಷವನ್ನೇ ಹಿಡಿಯಿತು. ಎಲ್ಲರೂ ಒಪ್ಪಿದ್ದಾರೆಂದಲ್ಲ, ವಾದ ನಡೆದೇ ಇದೆ. ಆ ವಾದ ಹೇಗಾದರೂ ತೀರಲಿ, ಬಂದಳಿಕೆಯ ಮಂಟಪದಲ್ಲಿ ಹುಡುಗಿ ಹಾಡಿದ ಮಲಹರಿಯ ಗೀತೆ ದಾಸರದೇ. ಅದು ತನ್ನ ತವರಿನ ಮಗ್ಗುಲಿಗೇ ಬಂದಿತ್ತೋ ಏನೋ, ಯಾರು ಬಲ್ಲರು?

ಆ ಸಮಿತಿಯಲ್ಲಿದ್ದ ವಿದ್ವಾಂಸರಲ್ಲಿ ಒಬ್ಬರು ಗಾಯಕ ಆರ್.ಕೆ. ಪದ್ಮನಾಭ. ಈ ಪ್ರಸಂಗದಲ್ಲಿ ಅವರ ಊರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪೇಟೆಗೆ ಹೋದ ಸಂಗೀತವನ್ನು ಬೇಸಗೆಯಲ್ಲಿ ಹಳ್ಳಿಗೆ ಕರೆತಂದ ಊರು ಕನ್ನಡ ನಾಡಿನಲ್ಲಿ ಯಾವುದಾದರೂ ಇದ್ದರೆ ಅದು ರುದ್ರಪಟ್ಟಣ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕೊಡಗಿನ ಬೆಟ್ಟಗಳಿಂದ ಇಳಿದು ಬಂದ ಕಾವೇರಿಯ ದಡದಲ್ಲಿ ಅದು ಇದೆ. ಸಂಕೇತಿಗಳ ಹಳೆಯ ನೆಲೆ. ವೇದ, ಸಂಸ್ಕೃತ, ಸಂಗೀತ ಮೂರೂ ಅಲ್ಲಿ ಮನೆಯೊಳಗಿನ ವಿದ್ಯೆಗಳು. ಪಿಟೀಲಿನ ವೆಂಕಟರಾಮಶಾಸ್ತ್ರಿಗಳು, ಅವರ ತಮ್ಮ ಆರ್.ಕೆ. ಶ್ರೀಕಂಠನ್, ಜೋಡಿಯಾಗಿ ಹಾಡಿ ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಹೀಗೆ ಒಂದು ಚಿಕ್ಕ ಊರಿನಿಂದ ಹೊರಟ ವಿದ್ವಾಂಸರನ್ನು ಎಣಿಸುತ್ತ ಹೋದರೆ ಬೆರಳು ಸಾಲವು.

ಆದರೆ ಹೊರಟರು ಎಂಬ ಮಾತಿನಲ್ಲೇ ಎಲ್ಲವೂ ಇದೆ. ೧೯೨೦ರಲ್ಲಿ ಹುಟ್ಟಿದ ಶ್ರೀಕಂಠನ್ ಅವರು ಮೈಸೂರಿಗೆ ಹೋದರು, ಆಕಾಶವಾಣಿಗೆ ಸೇರಿದರು, ಬೆಂಗಳೂರಿನವರಾದರು. ಮದರಾಸಿನ ಸಂಗೀತ ಕಲಾನಿಧಿ ಬಿರುದೂ, ೨೦೧೧ರಲ್ಲಿ ಪದ್ಮಭೂಷಣವೂ ಬಂದವು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಕುಳಿತು, ಸಾಹಿತ್ಯದ ಒಂದಕ್ಷರವೂ ಮಸುಕಾಗದಂತೆ ಹಾಡಿ, ೨೦೧೪ರಲ್ಲಿ ತೀರಿಕೊಂಡರು. ಇಷ್ಟು ದೀರ್ಘವಾದ ಸಂಗೀತಜೀವನ ನಡೆದುದೆಲ್ಲ ಹುಟ್ಟೂರಿನ ಹೊರಗೆ. ಇದು ಅವರೊಬ್ಬರ ಮಾತಲ್ಲ. ಆ ಊರಿನವರಿಗೆಲ್ಲ ಹೀಗೆಯೇ ಆಯಿತು. ಆಕಾಶವಾಣಿಯಲ್ಲಿ ‘ಆರ್.ಕೆ.’, ‘ಆರ್.ಎನ್.’ ಎಂಬ ಹೆಸರುಗಳು ಕೇಳಿಬರುತ್ತಿದ್ದವು. ಆ ‘ಆರ್’ ಎಂಬುದೇ ರುದ್ರಪಟ್ಟಣ. ಊರು ಹೆಸರಿನ ಮೊದಲ ಅಕ್ಷರದಲ್ಲಿ ಉಳಿಯಿತು, ಊರಿನಲ್ಲಿ ಹಾಡು ಉಳಿಯಲಿಲ್ಲ.

ಈ ಕೊರತೆಯನ್ನು ತಮ್ಮ ಪಾಲಿನ ಸಾಲವೆಂದು ಭಾವಿಸಿದವರು ಪದ್ಮನಾಭ. ಈ ಶತಮಾನದ ಮೊದಲ ದಶಕದಲ್ಲಿ ಅವರು ಹುಟ್ಟೂರಿನಲ್ಲಿ ಬೇಸಗೆಯ ಸಂಗೀತೋತ್ಸವವನ್ನು ಆರಂಭಿಸಿದರು. ಪೇಟೆಯ ಸಭಾಂಗಣಗಳಲ್ಲಿ ಹಾಡುವ ವಿದ್ವಾಂಸರು ಹಳ್ಳಿಯ ದಾರಿ ಹಿಡಿದು ಬಂದು, ಅಲ್ಲಿಯ ಸೆಖೆಯಲ್ಲಿ ಕುಳಿತು ಹಾಡತೊಡಗಿದರು. ಅಷ್ಟಕ್ಕೇ ತೃಪ್ತರಾಗದೆ, ನಿಲ್ಲಿಸಿದ ತಂಬೂರಿಯ ಆಕಾರದ ಒಂದು ಮಂದಿರವನ್ನೂ ಕಟ್ಟಿಸಿದರು. ಸಪ್ತಸ್ವರ ದೇವತಾ ಧ್ಯಾನಮಂದಿರ ಎಂದು ಅದರ ಹೆಸರು. ಏಳು ಸ್ವರಗಳಿಗೆ ಅಧಿದೇವತೆಗಳನ್ನು ಹೇಳುವುದು ಹಳೆಯ ಶಾಸ್ತ್ರಸಂಪ್ರದಾಯ. ಷಡ್ಜಕ್ಕೆ ಅಗ್ನಿ, ಋಷಭಕ್ಕೆ ಬ್ರಹ್ಮ, ಗಾಂಧಾರಕ್ಕೆ ಸರಸ್ವತಿ ಎಂದು ಆರಂಭವಾಗುವ ಆ ಪಟ್ಟಿ ನಿಷಾದಕ್ಕೆ ಸೂರ್ಯನೆಂದು ಮುಗಿಯುತ್ತದೆ. ಅದನ್ನು ಸಂಗೀತರತ್ನಾಕರದಲ್ಲಿಯೇ ನೋಡಬಹುದು. ಬಳ್ಳಿಗಾವಿಯನ್ನು ಆಳಿದ ಅರಸನ ಲೆಕ್ಕಿಗನು ಬರೆದಿಟ್ಟ ಮಾತು ಎಂಟುನೂರು ವರ್ಷಗಳ ತರುವಾಯ ಕಾವೇರಿಯ ದಡದಲ್ಲಿ ಮೂರ್ತಿಗೊಂಡಿತು.

ತಂಬೂರಿಯ ಆಕಾರದ ಕಟ್ಟಡವೆಂದರೆ ಕೆಲವು ರಸಿಕರು ಹುಬ್ಬೇರಿಸುತ್ತಾರೆ. ಸಂಗೀತವನ್ನು ಕಣ್ಣಿಗೆ ತೋರಿಸಬೇಕೇ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಸಂಗೀತಗಾರರೆಲ್ಲ ಬಿಟ್ಟುಹೋದ ಊರಿನ ಹುಡುಗನೊಬ್ಬನು ಪ್ರತಿದಿನ ಶಾಲೆಗೆ ಹೋಗುವಾಗ ಆ ಎತ್ತರದ ತಂಬೂರಿಯನ್ನು ಕಂಡು, ಇದೇನು, ಇದು ಇಲ್ಲೇಕೆ ಎಂದು ಕೇಳುವುದಾದರೆ, ಆ ಒಂದು ಪ್ರಶ್ನೆಗಾಗಿಯಾದರೂ ಕಟ್ಟಡವನ್ನು ಕ್ಷಮಿಸಬಹುದು.

ದೂರದ ದೇಶದಲ್ಲೂ ಇಂಥದೇ ಒಂದು ಕೆಲಸ ನಡೆದಿದೆ. ಅದರ ಬದಿಯಲ್ಲಿ ಒಬ್ಬ ಕರ್ನಾಟಕದವರು ನಿಂತಿರುವುದರಿಂದ ಅದನ್ನು ಇಲ್ಲಿ ನೆನೆಯುವುದು ಅಸಂಗತವಾಗಲಾರದು. ಪಿಟೀಲಿನ ಜಗತ್ಪ್ರಸಿದ್ಧ ವಾದಕ ಯೆಹೂದಿ ಮೆನೂಹಿನ್ ೧೯೫೨ರಲ್ಲಿ ಭಾರತಕ್ಕೆ ಬಂದಾಗ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರ ಪರಿಚಯವಾಯಿತು. ಮೈನೋವು, ಆಯಾಸ, ನಿದ್ರೆಯಿಲ್ಲದಿರುವಿಕೆಗಳಿಂದ ಬಳಲಿದ್ದ ಮೆನೂಹಿನ್‌ಗೆ ಯೋಗದಿಂದ ಎಷ್ಟು ಉಪಕಾರವಾಯಿತೆಂದರೆ, ೧೯೫೪ರಲ್ಲಿ ಅಯ್ಯಂಗಾರರನ್ನು ಅವರು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳ ನಡುವಿನ ಗ್‌ಸ್ಟಾಡ್ ಎಂಬ ಊರಿಗೆ ಕರೆಸಿಕೊಂಡರು. ತಮ್ಮ ಅತ್ಯುತ್ತಮ ಪಿಟೀಲು ಗುರುವಿಗೆ ಎಂದು ಕೆತ್ತಿಸಿದ ಕೈಗಡಿಯಾರವನ್ನು ಕಾಣಿಕೆಯಾಗಿ ಕೊಟ್ಟರು. ಪಿಟೀಲನ್ನು ಕಲಿಸದವರಿಗೆ ಈ ಬಿರುದು! ಅದಾಗಿ ಮೂರು ವರ್ಷಕ್ಕೆ, ೧೯೫೭ರ ಆಗಸ್ಟಿನಲ್ಲಿ, ಆ ಊರಿನ ಪ್ರವಾಸಿ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವರ ಕೋರಿಕೆಯಂತೆ, ಪಕ್ಕದ ಸಾನೆನ್ ಗ್ರಾಮದ ಹಳೆಯ ಇಗರ್ಜಿಯಲ್ಲಿ ಮೆನೂಹಿನ್ ಮತ್ತು ಅವರ ಮಿತ್ರರು ಎರಡು ಕಚೇರಿಗಳನ್ನು ನಡೆಸಿದರು. ಇಂಗ್ಲೆಂಡಿನ ಸಂಗೀತರಚನಕಾರ ಬೆಂಜಮಿನ್ ಬ್ರಿಟನ್ನರೂ ಅವರೊಡನಿದ್ದರು. ಎರಡೇ ಎರಡು ಕಚೇರಿಗಳು! ಅವುಗಳಿಂದ ಬೆಳೆದ ಬೇಸಗೆಯ ಉತ್ಸವವನ್ನು ಮೆನೂಹಿನ್ ೧೯೯೬ರವರೆಗೆ ತಾವೇ ಮುನ್ನಡೆಸಿದರು. ಅವರಿಲ್ಲದ ಮೇಲೂ ಅದು ನಿಲ್ಲಲಿಲ್ಲ.

ಸಾನೆನ್ನಿನಲ್ಲಿ ಹೊಸ ಭವನ ಕಟ್ಟುವವರೆಗೆ ಯಾರೂ ಕಾಯಲಿಲ್ಲ ಎಂಬು­ದನ್ನು ಗಮನಿಸಬೇಕು. ಹದಿನೈದನೆಯ ಶತಮಾನದ ಇಗರ್ಜಿಯೊಂದಿತ್ತು, ಅದರ ಮರದ ಚಾವಣಿಯ ಕೆಳಗೆ ನಾದ ಚೆನ್ನಾಗಿ ಕೂಡಿಬರುತ್ತಿತ್ತು. ಬೇಸಗೆಯಲ್ಲಿ ಅಲ್ಲಿಯೇ ಬಿಡಾರ ಮಾಡಿದ್ದ ಸಂಗೀತಗಾರನೊಬ್ಬನು ನೆರೆಯವನಂತೆ ಬಂದು ನುಡಿಸಿದನು. ಬಂದಳಿಕೆಯ ಮಂಟಪಗಳು ಆ ಇಗರ್ಜಿಗಿಂತ ಹಳೆಯವು. ಬೇಸಗೆಗೆ ಊರಿಗೆ ಬರುವ ಮಲೆನಾಡಿನ ಮೂಲದ ಗಾಯಕ ವಾದಕರಿಗೂ ಬರವಿಲ್ಲ.

ಹಾಗಾದರೆ ಇಲ್ಲಿ ಉತ್ಸವವೊಂದನ್ನು ಮಾಡಿಬಿಡಬಹುದಲ್ಲ ಎಂದು ಉತ್ಸಾಹಿಗಳು ಏಳಬಹುದು. ಸ್ವಲ್ಪ ತಾಳಬೇಕು. ಉತ್ಸವವೆಂದರೆ ದೊಡ್ಡ ವೇದಿಕೆ, ಬಣ್ಣದ ದೀಪ, ಎದೆ ನಡುಗಿಸುವ ಧ್ವನಿವರ್ಧಕ, ಗಣ್ಯರ ಭಾಷಣ ಎಂಬ ಕಲ್ಪನೆ ಬೇರೂರಿದೆ. ಅಂಥ ಉತ್ಸವ ಬಂದಳಿಕೆಗೆ ಬೇಡ. ಈ ಗುಡಿಗಳು ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಸ್ಮಾರಕದೊಳಗೆ ಸಭೆ, ಮನೋರಂಜನೆಗಳನ್ನು ಲಿಖಿತ ಅನುಮತಿಯಿಲ್ಲದೆ ನಡೆಸುವಂತಿಲ್ಲವೆಂದು ೧೯೫೯ರ ನಿಯಮಗಳು ಹೇಳುತ್ತವೆ. ನಿಯಮ ಸರಿಯಾದದ್ದೇ. ಆದರೆ ಮೂರು ಜನ ಕುಳಿತು ಹಾಡಿ ಎಂಬತ್ತು ಜನ ಕೇಳುವುದರಿಂದ ಕಲ್ಲಿಗೆ ಕೇಡಿಲ್ಲ. ಹುಡುಗಿಯ ದನಿಗೇ ತುಂಬಿಕೊಂಡ ಮಂಟಪಕ್ಕೆ ಧ್ವನಿವರ್ಧಕ ಬೇಕಾಗಿಯೂ ಇಲ್ಲ. ಅದನ್ನು ತಂದಿಟ್ಟರೆ ಮಂಟಪವನ್ನೇ ಅವಮಾನಿಸಿದಂತೆ. ಅನುಮತಿ ಸಿಗದಿದ್ದರೆ ಹೊರಗಿನ ಮರದ ನೆರಳು ಇದ್ದೇ ಇದೆ.

ಮಳೆಯ ವಿಚಾರವನ್ನೂ ಲೆಕ್ಕ ಹಾಕಬೇಕು. ಯುಗಾದಿಯಿಂದ ಏಪ್ರಿಲ್ ಕಡೆಯ ಭರಣಿ ಮಳೆಯವರೆಗೆ ಇಲ್ಲಿ ಸಂಜೆ ಹಿತವಾಗಿರುತ್ತದೆ. ಕೃತ್ತಿಕೆ ಬಂತೆಂದರೆ ಗುಡುಗು, ಗಾಳಿ, ಕರೆಂಟು ಹೋಗುವುದು ಎಲ್ಲವೂ ಜೊತೆಗೂಡುತ್ತವೆ. ಗಾಳಿಯಲ್ಲಿ ತೇವ ಏರಿದರೆ ಮೃದಂಗದ ಚರ್ಮ ಸಡಿಲವಾಗಿ, ವಿದ್ವಾಂಸನು ಹಾಡಿಗಿಂತ ಶ್ರುತಿ ಸೇರಿಸುವುದರಲ್ಲೇ ಹೆಚ್ಚು ಹೊತ್ತು ಕಳೆಯಬೇಕಾದೀತು. ಮೃದಂಗದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಕರ್ನಾಟಕ ಸಂಗೀತದ ವೀಣೆ, ತಂಬೂರಿ, ಮೃದಂಗ ಮೂರಕ್ಕೂ ಹಲಸಿನ ಮರವೇ ಶ್ರೇಷ್ಠವೆಂದು ಕುಶಲಕರ್ಮಿಗಳ ಅನುಭವ. ಬೇಸಗೆಯಲ್ಲಿ ಮಲೆನಾಡಿನ ಯಾವ ಅಂಗಳಕ್ಕೆ ಹೋದರೂ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಹಣ್ಣನ್ನು ತಿಂದು, ತೊಳೆಯನ್ನು ಹಪ್ಪಳ ಮಾಡಿ, ಬೀಜವನ್ನು ಹುಳಿಗೆ ಹಾಕುವ ಈ ನಾಡು ಮರದ ನಾದವನ್ನು ಮಾತ್ರ ಕೇಳದೆ ಇರುವುದು ವಿಚಿತ್ರವೇ.

ಎಲ್ಲಕ್ಕೂ ಮಿಗಿಲಾಗಿ ಅನ್ನದ ಪ್ರಶ್ನೆ. ರಂಗಭೋಗದ ಭೂಮಿಗಳು ಯಾರ ಯಾರ ಕೈಗೋ ಸೇರಿ ಹೋಗಿವೆ. ಅವನ್ನು ಮರಳಿ ಕೇಳುವಂತೆಯೂ ಇಲ್ಲ, ಉಳುವವನ ಕೈಗೆ ಬಂದಿದ್ದರೆ ಕೇಳಲೂ ಬಾರದು. ಗಾಯಕನಿಗೆ ಸಂಭಾವನೆ ಕೊಡದೆ ‘ದೇವರ ಸೇವೆ’ ಎಂದು ಕೈಮುಗಿದು ಕಳುಹಿಸುವ ಚಾಳಿ ಅನೇಕ ಕಡೆ ಇದೆ. ಅದು ಸೇವೆಯಲ್ಲ, ಹಾಡುವವನ ದುಡಿಮೆಯನ್ನು ಕದ್ದಂತೆ. ಸುತ್ತಲಿನ ಊರುಗಳ ಹತ್ತಿಪ್ಪತ್ತು ಮನೆಗಳವರು ವರ್ಷಕ್ಕೊಮ್ಮೆ ಇಷ್ಟೆಂದು ತೆಗೆದಿಟ್ಟರೆ ಎರಡು ಸಂಜೆಗಳ ಸಂಭಾವನೆ ಹೊರಡದಿರದು. ಬಂದವರಿಗೆ ಊಟಕ್ಕೆ ಅಪ್ಪೆಮಿಡಿ, ತಂಬುಳಿ, ಹಲಸಿನ ಕಡುಬು ಇವೆ. ಪಕ್ಕವಾದ್ಯದವರನ್ನೂ ಅದೇ ಪಂಕ್ತಿಯಲ್ಲಿ, ಅದೇ ಮರ್ಯಾದೆಯಿಂದ ಕೂರಿಸಬೇಕು. ಕೋಡಿಯ ಮಠದ ಶಾಸನದಲ್ಲಿ ಹಾಡುವವನನ್ನು ಬರೆದು ನುಡಿಸುವವನನ್ನು ಬಿಟ್ಟಿಲ್ಲ.

ಕೇಳುವವರು ಯಾರು ಎಂದು ಪೇಟೆಯವರು ಸಂದೇಹಪಡುತ್ತಾರೆ. ರಾತ್ರಿಯಿಡೀ ಭಾಗವತರ ಪದವನ್ನು ಕೇಳಿ, ಏರುಪದ ಎಲ್ಲಿ ಬಿತ್ತು, ಎಲ್ಲಿ ಎದ್ದಿತು ಎಂದು ಮರುದಿನ ತೋಟದಲ್ಲಿ ಚರ್ಚೆ ಮಾಡುವ ಜನಕ್ಕೆ ಒಂದು ತೋಡಿ, ಒಂದು ಕಲ್ಯಾಣಿ ದಕ್ಕದೆಂದು ಹೇಳಲು ಆಧಾರವೇನು? ಮೊದಲ ವರ್ಷ ಮೂವತ್ತು ಜನ ಬರಬಹುದು. ಬರಲಿ. ಪೇಟೆಯ ಎಷ್ಟೋ ಸಭೆಗಳ ಹಗಲಿನ ಕಚೇರಿಗಳಲ್ಲಿ ಅಷ್ಟೂ ಜನ ಇರುವುದಿಲ್ಲವೆಂಬುದನ್ನು ಬಲ್ಲವರು ಬಲ್ಲರು.

ಸೋಮೇಶ್ವರನ ಗುಡಿಯಲ್ಲಿ ಬಿಸಿಲು ಓರೆಯಾಗಿತ್ತು. ತಂದೆ ಗಡಿಯಾರ ನೋಡಿಕೊಂಡರು. ಅಜ್ಜಿ ಕಂಬವನ್ನು ಹಿಡಿದು ಎದ್ದರು. ಹೊರಡುವಾಗ ಕಾವಲಿನವನು, “ಅದ್ಯಾವ ಹಾಡು, ಪಾಪು?” ಎಂದು ಕೇಳಿದನು. ಗೀತೆ, ಮಲಹರಿ ಎಂದು ಹುಡುಗಿ ಹೇಳಿದಳು. “ಮಲಹರಿ” ಎಂದು ಅವನು ಒಮ್ಮೆ ತನ್ನಲ್ಲೇ ಹೇಳಿಕೊಂಡನು.

“ಮುಂದಿನ ವರ್ಷಕ್ಕೆ ವರ್ಣ ಬರುತ್ತದೆ, ಅಜ್ಜಿ” ಎಂದಳು ಹುಡುಗಿ ಕಾರಿನ ಬಾಗಿಲು ತೆರೆಯುತ್ತ. ಅಜ್ಜಿ ಆಕಾಶದ ಕಡೆಗೆ ನೋಡಿದರು. ಪಡುವಣ ಅಂಚಿನಲ್ಲಿ ಸ್ವಲ್ಪ ಮೋಡ ಕಟ್ಟುತ್ತಿತ್ತು. “ಹಾಗಾದರೆ ಭರಣಿ ಹುಟ್ಟುವುದರೊಳಗೇ ಬಾ” ಎಂದರು.